ಬೋಟಿ ಅರಗುತ್ತದೆ, ಹೊಟ್ಟೆ ಅರಗುವುದಿಲ್ಲ, ಯಾಕೆ?

ಭಾನುವಾರ ಮನೆಗೆ ಬೋಟಿ ತಂದರೆ ಅದನ್ನು ತೊಳೆಯುವ ಕೆಲಸ ನನ್ನದು. ಬಿಸಿನೀರು, ಸ್ವಲ್ಪ ಸುಣ್ಣ, ಒಂದು ಚಾಕು, ಒಂದು ಗಂಟೆ ತಾಳ್ಮೆ. ಮೇಕೆಯ ಹೊಟ್ಟೆಗೆ ನಾಲ್ಕು ಅರೆ. ಎಲ್ಲಕ್ಕಿಂತ ದೊಡ್ಡದು ಟರ್ಕಿ ಟವೆಲ್ ಥರ ಒರಟು. ಎರಡನೆಯದರ ಒಳಗೆ ಜೇನುಗೂಡಿನಂಥ ಗೆರೆ. ಮೂರನೆಯದು ಪುಸ್ತಕದ ಹಾಳೆ ಜೋಡಿಸಿಟ್ಟ ಹಾಗೆ. ಕೊನೆಯದು ಮಾತ್ರ ಬೇರೆ. ಒಳಗೆ ನುಣುಪು, ಮೇಲೆಲ್ಲ ಲೋಳೆ. ಎಷ್ಟು ತೊಳೆದರೂ ಕೈಯಿಂದ ಜಾರುತ್ತದೆ. ಮೊದಲ ಮೂರು ಅರೆಗಳಲ್ಲಿ ಸೊಪ್ಪು ನೆನೆದು, ಕೊಳೆತು, ಪುಡಿಯಾಗುತ್ತದೆ. ಹೈಡ್ರೋಕ್ಲೋರಿಕ್ ಆಮ್ಲ ಸುರಿಯುವುದು ಕೊನೆಯ ಅರೆಯಲ್ಲಿ ಮಾತ್ರ. ಲೋಳೆ ದಟ್ಟವಾಗಿ ಇರುವುದೂ ಅಲ್ಲೇ.

ಇದೇ ಬೋಟಿಯನ್ನು ಗೊಜ್ಜು ಮಾಡಿ ಮುದ್ದೆ ಜೊತೆ ತಿಂದರೆ ಕೆಲವೇ ಗಂಟೆಗಳಲ್ಲಿ ನಮ್ಮ ಹೊಟ್ಟೆ ಅದನ್ನು ಗಂಜಿ ಮಾಡಿಬಿಡುತ್ತದೆ. ಅಂದರೆ ಒಂದು ಹೊಟ್ಟೆ ಇನ್ನೊಂದು ಹೊಟ್ಟೆಯನ್ನು ಅರಗಿಸುತ್ತದೆ. ಎರಡೂ ಮಾಂಸವೇ ಅಲ್ವಾ? ಹಾಗಾದರೆ ಒಳಗೆ ಹೋದ ಮಾಂಸ ಕರಗಿ, ಅದನ್ನು ಸುತ್ತಿಕೊಂಡಿರುವ ಮಾಂಸ ಯಾಕೆ ಉಳಿಯುತ್ತದೆ?

ಈ ಪ್ರಶ್ನೆ ಹಳೆಯದು. ಲಂಡನ್ನಿನ ಸರ್ಜನ್ ಜಾನ್ ಹಂಟರ್ 1772ರಲ್ಲೇ ಇದನ್ನು ಬರೆದಿಟ್ಟಿದ್ದಾರೆ. ಆರೋಗ್ಯವಾಗಿದ್ದು ಇದ್ದಕ್ಕಿದ್ದಂತೆ ಸತ್ತವರ ಶವ ಕೊಯ್ದಾಗ ಕೆಲವೊಮ್ಮೆ ಹೊಟ್ಟೆಯ ಗೋಡೆಯೇ ಕರಗಿ ತೂತಾಗಿರುವುದು ಅವರಿಗೆ ಕಂಡಿತ್ತು. ಸತ್ತ ಮೇಲೆ ಹೊಟ್ಟೆ ತನ್ನನ್ನೇ ಅರಗಿಸಿಕೊಂಡಿತ್ತು. ಹಾಗಾದರೆ ಬದುಕಿರುವಾಗ ಅದನ್ನು ಏನೋ ತಡೆಯುತ್ತಿದೆ ಎಂದು ಹಂಟರ್ ಹೇಳಿದರು. ಅದು ಏನು ಅಂತ ಅವರಿಗೆ ತಿಳಿಯಲಿಲ್ಲ. ಆದರೆ ಅವರು ಹಿಡಿದ ಜಾಗ ಸರಿಯಾಗಿತ್ತು. ಕಾಪಾಡುವ ವಸ್ತು ಗೋಡೆಗೆ ಒಮ್ಮೆ ಬಳಿದು ಬಿಟ್ಟ ಬಣ್ಣದಂಥದ್ದಾಗಿದ್ದರೆ ಸತ್ತ ಮೇಲೂ ಕೆಲಸ ಮಾಡಬೇಕಿತ್ತು. ಅದು ಕ್ಷಣಕ್ಷಣವೂ ಯಾರೋ ಮಾಡುತ್ತಲೇ ಇರಬೇಕಾದ ಕೆಲಸ.

ಆ ಕೆಲಸ ಮಾಡುವವರು ಹೊಟ್ಟೆಯ ಒಳಮೈಯ ಜೀವಕೋಶಗಳು. ಅವು ಮಾಡುವುದು ಲೋಳೆ.

ಲೋಳೆ ಅಂದರೆ ಮುಖ ಸಿಂಡರಿಸುತ್ತೇವೆ. ನನಗೆ ಮಾತ್ರ ನಮ್ಮ ಮೈಯೊಳಗಿನ ಅತಿ ಜಾಣ ವಸ್ತುಗಳಲ್ಲಿ ಇದೂ ಒಂದು ಅನ್ನಿಸುತ್ತದೆ. ಸುಮಾರು ನೂರಕ್ಕೆ 95 ಭಾಗ ಬರೀ ನೀರು. ದಪ್ಪ ಒಂದು ಮಿಲಿಮೀಟರ್ ಕೂಡ ಇಲ್ಲ. ಈ ತೆಳು ಪದರದ ಮೇಲ್ಗಡೆ, ಊಟ ಇರುವ ಕಡೆ, ಪಿಎಚ್ 2ರ ಹತ್ತಿರ. ಕೆಳಗಡೆ, ಜೀವಕೋಶಕ್ಕೆ ತಾಗುವ ಕಡೆ, ಪಿಎಚ್ 7ರ ಹತ್ತಿರ. ಪಿಎಚ್‌ನಲ್ಲಿ ಒಂದು ಅಂಕೆ ಏರಿದರೆ ಆಮ್ಲದ ಕಾವು ಹತ್ತು ಪಟ್ಟು ಇಳಿದ ಲೆಕ್ಕ. ಐದು ಅಂಕೆ ಅಂದರೆ ಒಂದು ಲಕ್ಷ ಪಟ್ಟು. ಉಗುರಿನ ದಪ್ಪಕ್ಕಿಂತ ಕಡಿಮೆ ದೂರದಲ್ಲಿ ಒಂದು ಲಕ್ಷ ಪಟ್ಟು ವ್ಯತ್ಯಾಸ!

ಒಂದು ಕೋಶದೊಳಗೆ

ಹೊಟ್ಟೆಯ ಒಳಮೈ ಸಪಾಟಾಗಿಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಇಡ್ಲಿ ತಟ್ಟೆಯ ಹಾಗೆ ಲಕ್ಷಗಟ್ಟಲೆ ಸಣ್ಣ ಗುಳಿ. ಗುಳಿಯ ಬಾಯಿಯಲ್ಲಿ, ಅಂಚಿನಲ್ಲಿ ಎಲ್ಲ ಲೋಳೆ ಕೋಶಗಳು ಒತ್ತಾಗಿ ನಿಂತಿವೆ. ಗುಳಿಯ ತಳದಿಂದ ಕೆಳಕ್ಕೆ ಕೊಳವೆಯಂಥ ಗ್ರಂಥಿಗಳು ಇಳಿಯುತ್ತವೆ. ಆಮ್ಲ ಮಾಡುವ ಕೋಶಗಳು ಇರುವುದು ಅಲ್ಲಿ.

ಒಂದು ಲೋಳೆ ಕೋಶವನ್ನು ತೆಗೆದುಕೊಳ್ಳೋಣ. ಉದ್ದಕ್ಕೆ ನಿಂತ ಡಬ್ಬಿ ಅಂದುಕೊಳ್ಳಿ. ತಳದಲ್ಲಿ ನ್ಯೂಕ್ಲಿಯಸ್. ಮೇಲ್ಭಾಗದ ತುಂಬ ಪುಟ್ಟ ಪುಟ್ಟ ಚೀಲಗಳು. ಪ್ರತಿ ಚೀಲದಲ್ಲೂ ಮ್ಯೂಸಿನ್ ಎಂಬ ಪ್ರೋಟೀನು ತುರುಕಿಟ್ಟಿದೆ. ಹೊಟ್ಟೆಯ ಮೇಲ್ಮೈ ಕೋಶಗಳು ಮಾಡುವ ಮ್ಯೂಸಿನ್‌ಗೆ ವಿಜ್ಞಾನಿಗಳು ಮಕ್ 5ಎಸಿ ಅನ್ನುತ್ತಾರೆ. ಸ್ವಲ್ಪ ಕೆಳಗಿನ ಕೋಶಗಳು ಮಾಡುವುದು ಮಕ್ 6. ಮ್ಯೂಸಿನ್‌ನ ರೂಪ ಬಾಟಲಿ ತೊಳೆಯುವ ಬ್ರಷ್ ಇದ್ದ ಹಾಗೆ. ನಡುವಿನ ತಂತಿ ಪ್ರೋಟೀನು. ಸುತ್ತಲಿನ ಕೂದಲುಗಳೆಲ್ಲ ಸಕ್ಕರೆಯ ಸರಗಳು. ತೂಕದಲ್ಲಿ ಸಕ್ಕರೆಯ ಪಾಲೇ ಹೆಚ್ಚು. ಬ್ರಷ್‌ಗಳು ತುದಿಗೆ ತುದಿ ಕೊಂಡಿ ಹಾಕಿಕೊಂಡು ಬಲೆಯಾಗುತ್ತವೆ. ಸಕ್ಕರೆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಬಲೆ ಮತ್ತು ನೀರು ಸೇರಿದರೆ ಲೋಳೆ.

ಆದರೆ ಅಷ್ಟು ನೀರು ಕುಡಿಯುವ ವಸ್ತುವನ್ನು ಕೋಶದೊಳಗೇ ಇಟ್ಟುಕೊಂಡರೆ ಕೋಶ ಒಡೆದುಹೋಗುವುದಿಲ್ಲವೇ? ಇಲ್ಲಿ ನನಗೆ ಕಾಮಕಸ್ತೂರಿ ಬೀಜ ನೆನಪಾಗುತ್ತದೆ. ಬೇಸಿಗೆಯಲ್ಲಿ ಶರಬತ್ತಿಗೆ ಹಾಕುತ್ತೇವಲ್ಲ, ಅದೇ. ಒಣಗಿದ್ದಾಗ ಎಳ್ಳಿನಷ್ಟು. ನೀರಿಗೆ ಬಿದ್ದು ಹತ್ತು ನಿಮಿಷಕ್ಕೆ ಸುತ್ತ ಲೋಳೆ ಉಬ್ಬಿ ಕಪ್ಪೆ ಮೊಟ್ಟೆಯಂತಾಗುತ್ತದೆ. ಮ್ಯೂಸಿನ್ ಕೂಡ ಚೀಲದೊಳಗೆ ಹೀಗೇ ಮುದುಡಿಕೊಂಡಿರುತ್ತದೆ. ಅದನ್ನು ಕಟ್ಟಿಹಾಕಿರುವುದು ಕ್ಯಾಲ್ಸಿಯಂ. ಮ್ಯೂಸಿನ್‌ಗೆ ಋಣ ವಿದ್ಯುದಂಶ, ಕ್ಯಾಲ್ಸಿಯಂಗೆ ಧನ. ಒಂದನ್ನೊಂದು ಹಿಡಿದುಕೊಂಡು ಗಂಟು ಬಿಗಿದಿರುತ್ತವೆ. ಚೀಲ ಕೋಶದ ಹೊರಕ್ಕೆ ತೆರೆದುಕೊಂಡ ತಕ್ಷಣ ಕ್ಯಾಲ್ಸಿಯಂ ಕಳಚುತ್ತದೆ. ಗಂಟು ಬಿಚ್ಚುತ್ತದೆ. ನೀರು ನುಗ್ಗುತ್ತದೆ. ಮ್ಯೂಸಿನ್ ಕ್ಷಣಗಳಲ್ಲಿ ನೂರಾರು ಪಟ್ಟು ಉಬ್ಬಿ ಹರಡುತ್ತದೆ.

ಗಂಟು ಬಿಚ್ಚುವುದಕ್ಕೆ ಸಹಾಯ ಮಾಡುವುದು ಬೈಕಾರ್ಬನೇಟ್. ಅಡುಗೆ ಸೋಡಾದಲ್ಲಿ ಇರುವುದು ಇದೇ. ಲೋಳೆ ಕೋಶಗಳು ಮ್ಯೂಸಿನ್ ಜೊತೆಗೆ ಇದನ್ನೂ ಹೊರಕ್ಕೆ ಬಿಡುತ್ತವೆ. ಮೇಲಿನಿಂದ ಲೋಳೆಯೊಳಕ್ಕೆ ಇಳಿಯುವ ಆಮ್ಲ ಈ ಬೈಕಾರ್ಬನೇಟ್‌ಗೆ ಸಿಕ್ಕಿ ಅಲ್ಲೇ ಸಪ್ಪೆಯಾಗುತ್ತದೆ. ಲೋಳೆ ಒಂದೇ ಇದ್ದರೆ ಆಮ್ಲವನ್ನು ನಿಧಾನ ಮಾಡಬಹುದು, ನಿಲ್ಲಿಸಲಾಗದು. ಬೈಕಾರ್ಬನೇಟ್ ಒಂದೇ ಇದ್ದರೆ ಊಟದ ಜೊತೆ ಕಲಸಿಹೋಗಿ ವ್ಯರ್ಥವಾಗುತ್ತದೆ. ಲೋಳೆಯ ಬಲೆಯೊಳಗೆ ಅದು ಕದಲದೆ ನಿಲ್ಲುವುದರಿಂದಲೇ ಕೆಲಸಕ್ಕೆ ಬರುತ್ತದೆ.

ಈ ಬೈಕಾರ್ಬನೇಟ್ ಎಲ್ಲಿಂದ ಬರುತ್ತದೆ ಅನ್ನುವುದು ಇಡೀ ವಿಷಯದಲ್ಲಿ ನನಗೆ ಅತಿ ಇಷ್ಟವಾದ ಭಾಗ. ಕೆಳಗಿನ ಗ್ರಂಥಿಯಲ್ಲಿ ಕೂತ ಆಮ್ಲ ಕೋಶ ಒಂದು ಆಮ್ಲದ ಕಣ ಮಾಡಿ ಹೊಟ್ಟೆಯ ಕಡೆ ತಳ್ಳಿದಾಗೆಲ್ಲ, ಬೆನ್ನ ಹಿಂದೆ ಒಂದು ಬೈಕಾರ್ಬನೇಟ್ ಕಣವನ್ನು ರಕ್ತಕ್ಕೆ ಬಿಡುತ್ತದೆ. ಲೆಕ್ಕ ಒಂದಕ್ಕೊಂದು. ಆ ರಕ್ತದ ಸಣ್ಣ ನಾಳಗಳು ನೆಟ್ಟಗೆ ಮೇಲಕ್ಕೆ, ಲೋಳೆ ಕೋಶಗಳ ಬುಡಕ್ಕೇ ಹೋಗುತ್ತವೆ. ಆಮ್ಲ ಜಾಸ್ತಿಯಾದಷ್ಟೂ ಅದನ್ನು ತಣಿಸುವ ಮದ್ದೂ ಜಾಸ್ತಿ ಮೇಲೆ ತಲುಪುತ್ತದೆ. ಯಾರೂ ಹೇಳಬೇಕಾಗಿಲ್ಲ. ರಕ್ತ ಸರಿಯಾಗಿ ಓಡುತ್ತಿದ್ದರೆ ಸಾಕು. ದೊಡ್ಡ ಸುಟ್ಟಗಾಯವೋ ಅಪಘಾತವೋ ಆಗಿ ಐಸಿಯುನಲ್ಲಿ ಮಲಗಿರುವವರಿಗೆ ಹೊಟ್ಟೆಯಲ್ಲಿ ಹುಣ್ಣು ಏಳುವುದಕ್ಕೆ ಒಂದು ಮುಖ್ಯ ಕಾರಣ ಇದೇ. ಜೀವ ಉಳಿಸಲು ಮೈ ರಕ್ತವನ್ನು ಹೃದಯ, ಮೆದುಳಿನ ಕಡೆ ತಿರುಗಿಸುತ್ತದೆ. ಹೊಟ್ಟೆಯ ಗೋಡೆಗೆ ರಕ್ತ ಕಡಿಮೆಯಾಗುತ್ತದೆ.

ಎಷ್ಟು ಬೇಕು ಅಂತ ಯಾರು ಹೇಳುತ್ತಾರೆ

ಲೋಳೆ ಒಂದು ಕಡೆ ಬರುತ್ತಿದ್ದರೆ ಇನ್ನೊಂದು ಕಡೆ ಹೋಗುತ್ತಲೇ ಇರುತ್ತದೆ. ಮೇಲ್ಪದರ ಸಡಿಲ. ಊಟ ಉಜ್ಜಿಕೊಂಡು ಹೋಗುವಾಗ ಅದೂ ಜೊತೆಗೆ ಹೋಗುತ್ತದೆ. ಪೆಪ್ಸಿನ್ ಎಂಬ ಕಿಣ್ವ ಮಾಂಸವನ್ನು ಒಡೆಯುವ ಹಾಗೆ ಲೋಳೆಯ ಮೇಲ್ಮೈಯನ್ನೂ ಕತ್ತರಿಸುತ್ತದೆ. ಕೆಳಪದರ ಮಾತ್ರ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ಆದ್ದರಿಂದ ಕೋಶಗಳು ಖಾಲಿ ಹೊಟ್ಟೆಯಲ್ಲೂ, ನಿದ್ದೆಯಲ್ಲೂ ಸ್ವಲ್ಪ ಸ್ವಲ್ಪ ಲೋಳೆ ಬಿಡುತ್ತಲೇ ಇರುತ್ತವೆ. ತೊಟ್ಟಿಕ್ಕುವ ನಲ್ಲಿಯ ಹಾಗೆ.

ಊಟದ ಹೊತ್ತಿಗೆ ಈ ತೊಟ್ಟು ಸಾಲುವುದಿಲ್ಲ. ಮೊದಲ ಸುದ್ದಿ ಬರುವುದು ನರದಿಂದ. ಒಗ್ಗರಣೆಯ ವಾಸನೆ ಮೂಗಿಗೆ ಬಿದ್ದರೆ ಸಾಕು, ವೇಗಸ್ ನರ ಹೊಟ್ಟೆಗೆ ಸುದ್ದಿ ಮುಟ್ಟಿಸುತ್ತದೆ. ನರದ ತುದಿಯಿಂದ ಬರುವ ಅಸೆಟೈಲ್‌ಕೋಲಿನ್ ಆಮ್ಲ ಕೋಶವನ್ನು ಎಬ್ಬಿಸುತ್ತದೆ, ಅದೇ ಹೊತ್ತಿಗೆ ಲೋಳೆ ಕೋಶವನ್ನೂ ಎಬ್ಬಿಸುತ್ತದೆ. ಲೋಳೆ ಕೋಶದೊಳಗಿನ ದ್ರವದಲ್ಲಿ ಕ್ಯಾಲ್ಸಿಯಂ ಥಟ್ಟನೆ ಏರುತ್ತದೆ. ಇದು ಚೀಲದೊಳಗೆ ಮ್ಯೂಸಿನ್ ಕಟ್ಟಿಟ್ಟ ಕ್ಯಾಲ್ಸಿಯಂ ಅಲ್ಲ, ಗೊಂದಲ ಬೇಡ. ಇದು ಸಂಕೇತ. ಅದು ಏರಿದಾಗ ಚೀಲಗಳು ಕೋಶದ ಅಂಚಿಗೆ ಅಂಟಿ ಬಾಯಿ ತೆರೆಯುತ್ತವೆ. ಒಂದರ ಹಿಂದೆ ಇನ್ನೊಂದು ಚೀಲ ಕೂಡಿಕೊಂಡು ಒಟ್ಟಿಗೇ ಸುರಿಯುವುದೂ ಉಂಟು.

ಎರಡನೆಯ ಸುದ್ದಿ ಹೊಟ್ಟೆಯ ಗೋಡೆಯೊಳಗೇ ಹುಟ್ಟುತ್ತದೆ. ಅದರ ಹೆಸರು ಪ್ರೊಸ್ಟಾಗ್ಲಾಂಡಿನ್ ಇ2. ಕೋಶದ ಹೊರಪೊರೆಯಲ್ಲಿರುವ ಒಂದು ಕೊಬ್ಬಿನಿಂದ ಕಾಕ್ಸ್-1 ಎಂಬ ಕಿಣ್ವ ಇದನ್ನು ಮಾಡುತ್ತದೆ. ಹಾರ್ಮೋನಿನ ಹಾಗೆ ಇಡೀ ಮೈ ಸುತ್ತುವುದಿಲ್ಲ. ಪಕ್ಕದ ಮನೆಗೆ ಕಾಂಪೌಂಡ್ ಮೇಲಿಂದ ಕೂಗಿ ಹೇಳಿದ ಹಾಗೆ ಅಕ್ಕಪಕ್ಕದ ಕೋಶಗಳಿಗಷ್ಟೇ ಕೇಳಿಸಿ ಬೇಗ ಅಳಿಸಿಹೋಗುತ್ತದೆ. ಆದರೆ ಆ ಒಂದು ಕೂಗಿಗೆ ನಾಲ್ಕು ಕೆಲಸ ಒಟ್ಟಿಗೆ ನಡೆಯುತ್ತವೆ. ಲೋಳೆ ಹೆಚ್ಚುತ್ತದೆ. ಬೈಕಾರ್ಬನೇಟ್ ಹೆಚ್ಚುತ್ತದೆ. ರಕ್ತದ ಓಟ ಹೆಚ್ಚುತ್ತದೆ. ಆಮ್ಲ ಕೋಶ ಸ್ವಲ್ಪ ತಗ್ಗುತ್ತದೆ. ಇದನ್ನು ಕೂಗಿಸುವುದು ಯಾರು ಅಂದರೆ, ಹೆಚ್ಚಿನ ಸಲ ಆಮ್ಲವೇ. ಆಮ್ಲ ತಾಗಿದ ಗೋಡೆ ಪ್ರೊಸ್ಟಾಗ್ಲಾಂಡಿನ್ ಮಾಡುತ್ತದೆ.

ಇದರ ಬಲ ಎಷ್ಟು ಅನ್ನುವುದು 1979ರಲ್ಲಿ ಗೊತ್ತಾಯಿತು. ಅಮೆರಿಕದ ಆಂದ್ರೆ ರಾಬರ್ಟ್ ಎಂಬ ವಿಜ್ಞಾನಿ ಇಲಿಗಳ ಹೊಟ್ಟೆಗೆ ಶುದ್ಧ ಆಲ್ಕೋಹಾಲ್, ಗಟ್ಟಿ ಆಮ್ಲ, ಗಟ್ಟಿ ಕ್ಷಾರ, ಕುದಿಯುವ ನೀರು ಎಲ್ಲ ಹಾಕಿ ನೋಡಿದರು. ಹೊಟ್ಟೆಯ ಗೋಡೆ ಆಳದವರೆಗೆ ಸುಟ್ಟುಹೋಯಿತು. ಮೊದಲೇ ಸ್ವಲ್ಪ ಪ್ರೊಸ್ಟಾಗ್ಲಾಂಡಿನ್ ಕೊಟ್ಟ ಇಲಿಗಳಲ್ಲಿ ಅಂಥ ಹಾನಿ ಆಗಲಿಲ್ಲ. ಗಮನಿಸಬೇಕಾದ ಮಾತು ಏನಂದರೆ, ಆಮ್ಲವನ್ನು ಕಡಿಮೆ ಮಾಡಲೂ ಸಾಲದಷ್ಟು ಸಣ್ಣ ಪ್ರಮಾಣದಲ್ಲೂ ಅದು ಕಾಪಾಡಿತು. ಅಂದರೆ ಕಾಪಾಡಿದ್ದು ಆಮ್ಲದ ಕೊರತೆಯಿಂದಲ್ಲ. ಗೋಡೆಯೇ ಗಟ್ಟಿಯಾಗಿತ್ತು. ಮುಂದೆ ಸೂಕ್ಷ್ಮದರ್ಶಕದಲ್ಲಿ ನೋಡಿದವರು ಇನ್ನೊಂದು ವಿಷಯ ಕಂಡುಕೊಂಡರು. ಮೇಲ್ಮೈ ಕೋಶಗಳು ಆಗಲೂ ಸತ್ತಿದ್ದವು, ಆದರೆ ಪೆಟ್ಟು ಆಳಕ್ಕೆ ಇಳಿದಿರಲಿಲ್ಲ. ಹಾಗಾಗಿ ಎಲ್ಲ ಶ್ರೇಯಸ್ಸನ್ನೂ ಲೋಳೆಗೇ ಕೊಡುವುದು ತಪ್ಪು. ರಕ್ತದ ಓಟ, ಬೇಗ ರಿಪೇರಿ ಆಗುವ ಗುಣ, ಎಲ್ಲದಕ್ಕೂ ಪಾಲಿದೆ.

ರಾಬರ್ಟ್ 1983ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಮೊದಲು ನೀರು ಬೆರೆಸಿದ ಆಲ್ಕೋಹಾಲ್ ಕೊಟ್ಟು ಆಮೇಲೆ ಶುದ್ಧ ಆಲ್ಕೋಹಾಲ್ ಕೊಟ್ಟರೆ, ಆಗಲೂ ಹೊಟ್ಟೆ ತಡೆದುಕೊಂಡಿತು. ಸಣ್ಣ ಉರಿ ಹೊಟ್ಟೆಯನ್ನು ದೊಡ್ಡ ಉರಿಗೆ ಸಿದ್ಧ ಮಾಡಿತ್ತು. ಪ್ರೊಸ್ಟಾಗ್ಲಾಂಡಿನ್ ಆಗದಂತೆ ತಡೆದರೆ ಈ ಸಿದ್ಧತೆಯೂ ಮಾಯವಾಗುತ್ತಿತ್ತು.

ಹಾಗಾದರೆ ಖಾರ? ನಮ್ಮ ಕಡೆ ಹೊಟ್ಟೆನೋವು ಅಂದ ತಕ್ಷಣ ಬೈಗುಳ ತಿನ್ನುವುದು ಮೆಣಸಿನಕಾಯಿ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಹೊಟ್ಟೆಯ ಗೋಡೆಯಲ್ಲಿರುವ ಸಂವೇದನೆಯ ನರಗಳನ್ನು ತಟ್ಟುತ್ತದೆ. ಆ ನರಗಳು ರಕ್ತನಾಳ ಹಿಗ್ಗಿಸಿ ರಕ್ಷಣೆಯನ್ನು ಚುರುಕು ಮಾಡುತ್ತವೆ. ಸಿಂಗಾಪುರದ ವೈದ್ಯರು 1995ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ 18 ಮಂದಿ ಆರೋಗ್ಯವಂತರಿಗೆ ಆಸ್ಪಿರಿನ್‌ಗೆ ಮೊದಲು ಖಾರದ ಪುಡಿ ಕೊಟ್ಟು ಎಂಡೋಸ್ಕೋಪಿ ಮಾಡಿದರು. ಬರೀ ನೀರು ಕುಡಿದು ಆಸ್ಪಿರಿನ್ ತೆಗೆದುಕೊಂಡಾಗಿನದಕ್ಕಿಂತ ಹಾನಿ ಕಡಿಮೆ ಇತ್ತು. ಇದನ್ನು ಓದಿ ಯಾರೂ ಖಾರದ ಪುಡಿ ಕಲಸಿ ಕುಡಿಯಬೇಡಿ. ಈಗಾಗಲೇ ಹುಣ್ಣಿದ್ದರೆ, ಎದೆಯುರಿ ಇದ್ದರೆ ಖಾರದಿಂದ ಸಂಕಟ ಹೆಚ್ಚುವುದು ನಿಜ. ಆದರೆ ಆರೋಗ್ಯವಾದ ಹೊಟ್ಟೆಯಲ್ಲಿ ಖಾರವೇ ಹುಣ್ಣು ಮಾಡಿತು ಅನ್ನುವುದಕ್ಕೆ ಆಧಾರ ಇಲ್ಲ.

ಇಷ್ಟೆಲ್ಲ ನಿಮಿಷಗಳ ಲೆಕ್ಕ. ದಿನಗಳ ಲೆಕ್ಕ ಬೇರೆ ಇದೆ. ಸುರಿದ ಚೀಲಗಳನ್ನು ಮತ್ತೆ ತುಂಬಬೇಕು. ಅದಕ್ಕೆ ಕೋಶ ಮ್ಯೂಸಿನ್ ಜೀನನ್ನು ಓದಿ ಪ್ರೋಟೀನು ನೇಯಬೇಕು, ಮಡಚಬೇಕು, ಸಕ್ಕರೆ ಸರ ಪೋಣಿಸಬೇಕು. ಇದಕ್ಕೆ ಗಂಟೆಗಳು ಬೇಕು. ಕೋಶದ ಆಯಸ್ಸೂ ಕಮ್ಮಿ, ಕೆಲವೇ ದಿನ. ಗುಳಿಯ ಬುಡದಲ್ಲಿ ಹುಟ್ಟಿ, ಮೇಲಕ್ಕೆ ಸರಿಯುತ್ತಾ ಲೋಳೆ ತುಂಬಿಕೊಂಡು, ತುದಿ ತಲುಪಿ ಉದುರಿಹೋಗುತ್ತದೆ. ಒಂದು ವಾರದಲ್ಲಿ ನಮ್ಮ ಹೊಟ್ಟೆಯ ಒಳಮೈ ಹೆಚ್ಚುಕಡಿಮೆ ಹೊಸದು.

ಅಮ್ಮನ ಮಂಡಿನೋವು

ನಾನು ಇದನ್ನೆಲ್ಲ ಓದಲು ಶುರು ಮಾಡಿದ್ದು ಅಮ್ಮನಿಂದ. ಅವರಿಗೆ ಮಂಡಿನೋವು. ಅಂಗಡಿಯಲ್ಲಿ ಚೀಟಿ ಇಲ್ಲದೆ ಸಿಗುವ ನೋವಿನ ಮಾತ್ರೆಯನ್ನು ಏಳೆಂಟು ತಿಂಗಳು ದಿನಾ ನುಂಗಿದ್ದರು. ನಮಗೆ ಗೊತ್ತೇ ಇರಲಿಲ್ಲ. ಹೊಟ್ಟೆನೋವು ಅಂತ ಒಂದು ದಿನವೂ ಹೇಳಲಿಲ್ಲ. ಒಂದು ಬೆಳಿಗ್ಗೆ ತಲೆಸುತ್ತಿ ಬಚ್ಚಲಲ್ಲಿ ಕೂತುಬಿಟ್ಟರು. ವಾರದಿಂದ ಮಲ ಡಾಂಬರಿನ ಹಾಗೆ ಕಪ್ಪಾಗಿ, ಅಂಟಂಟಾಗಿ ಹೋಗುತ್ತಿತ್ತು ಅಂತ ಆಮೇಲೆ ಹೇಳಿದರು. "ರಾಗಿಮುದ್ದೆ ತಿಂದಿದ್ದಕ್ಕೆ ಇರಬೇಕು ಅಂದ್ಕೊಂಡೆ ಕಣೋ" ಅಂದರು. ಅದು ಹೊಟ್ಟೆಯಲ್ಲಿ ಸುರಿದು ಆಮ್ಲದಲ್ಲಿ ಕಪ್ಪಾದ ರಕ್ತ. ಎಂಡೋಸ್ಕೋಪಿಯಲ್ಲಿ ಒಂದು ರೂಪಾಯಿ ನಾಣ್ಯಕ್ಕಿಂತ ಚಿಕ್ಕದಾದ ಹುಣ್ಣು ಕಂಡಿತು.

ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಇವೆಲ್ಲ ನೋವು ಕಡಿಮೆ ಮಾಡುವುದು ಪ್ರೊಸ್ಟಾಗ್ಲಾಂಡಿನ್ ಆಗದಂತೆ ತಡೆದು. ಇದನ್ನು 1971ರಲ್ಲಿ ತೋರಿಸಿದವರು ಇಂಗ್ಲೆಂಡಿನ ಜಾನ್ ವೇನ್. ಅದಕ್ಕೆ 1982ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಬಂತು. ಮಂಡಿಯಲ್ಲಿ ಪ್ರೊಸ್ಟಾಗ್ಲಾಂಡಿನ್ ಊತ, ನೋವು ತರುತ್ತದೆ. ಹೊಟ್ಟೆಯಲ್ಲಿ ಅದೇ ಲೋಳೆ ತರುತ್ತದೆ. ಮಾತ್ರೆಗೆ ಮಂಡಿ ಯಾವುದು, ಹೊಟ್ಟೆ ಯಾವುದು ಗೊತ್ತಾಗುವುದಿಲ್ಲ. ಎರಡೂ ಕಡೆ ಕೂಗು ನಿಲ್ಲುತ್ತದೆ. ಆಮ್ಲ ಎಂದಿನಷ್ಟೇ ಸುರಿಯುತ್ತಿರುತ್ತದೆ, ಲೋಳೆ ತೆಳ್ಳಗಾಗುತ್ತದೆ, ರಕ್ತದ ಓಟ ತಗ್ಗುತ್ತದೆ. ನೋವಿನ ಮಾತ್ರೆಯೇ ಆದ್ದರಿಂದ ಹುಣ್ಣಿನ ನೋವನ್ನೂ ಮುಚ್ಚಿಹಾಕಬಹುದು.

"ಊಟ ಆದ ಮೇಲೆ ತಗೊಂಡ್ರೆ ಏನೂ ಆಗಲ್ಲ" ಅನ್ನುವ ಮಾತು ಅರ್ಧ ಮಾತ್ರ ಸರಿ. ಆಸ್ಪಿರಿನ್‌ನಂಥ ಮಾತ್ರೆ ಹೊಟ್ಟೆಯ ಗೋಡೆಗೆ ನೇರವಾಗಿ ತಾಗಿ ಮಾಡುವ ಹಾನಿ ಊಟದಿಂದ ಕಡಿಮೆ ಆಗಬಹುದು. ಆದರೆ ಮದ್ದು ಕರುಳಿಂದ ರಕ್ತಕ್ಕೆ ಸೇರಿ ಮತ್ತೆ ಹೊಟ್ಟೆಯ ಕೋಶಗಳಿಗೇ ಬರುತ್ತದೆ. ಅದಕ್ಕೇ ಇಂಜೆಕ್ಷನ್ ಆಗಿ ಕೊಟ್ಟರೂ ಹುಣ್ಣಿನ ಅಪಾಯ ತಪ್ಪುವುದಿಲ್ಲ. ಕರುಳಲ್ಲಿ ಕರಗುವಂತೆ ಲೇಪ ಹಚ್ಚಿದ ಮಾತ್ರೆಯದೂ ಇದೇ ಕಥೆ. ದಿನಾ ನೋವಿನ ಮಾತ್ರೆ ಬೇಕೇ ಬೇಕು ಅನ್ನುವವರಿಗೆ, ಅದರಲ್ಲೂ ವಯಸ್ಸಾದವರಿಗೆ, ಡಾಕ್ಟರು ಜೊತೆಗೆ ಆಮ್ಲ ತಗ್ಗಿಸುವ ಮಾತ್ರೆ ಬರೆಯುವುದು ಇದಕ್ಕೆ. ಪ್ಯಾರಾಸಿಟಮಾಲ್ ಹೊಟ್ಟೆಯ ಕಾಕ್ಸ್-1ನ್ನು ಅಷ್ಟಾಗಿ ಮುಟ್ಟುವುದಿಲ್ಲ, ಹಾಗಾಗಿ ಹೊಟ್ಟೆಯ ಮಟ್ಟಿಗೆ ಅದು ಮೃದು. ಹೃದಯಕ್ಕೆಂದು ಡಾಕ್ಟರು ಬರೆದ ಆಸ್ಪಿರಿನ್ ಇದ್ದರೆ ಇದನ್ನು ಓದಿ ನಿಲ್ಲಿಸಬೇಡಿ, ಅವರನ್ನೇ ಕೇಳಿ. ಮಲ ಡಾಂಬರಿನಂತೆ ಕಪ್ಪಾದರೆ ಮಾತ್ರ ಒಂದು ದಿನವೂ ಕಾಯಬೇಡಿ.

ಲೋಳೆಗೆ ಇನ್ನೊಬ್ಬ ಶತ್ರು ಇದೆ. ಹೆಲಿಕೋಬ್ಯಾಕ್ಟರ್ ಪೈಲೊರಿ ಎಂಬ ಬ್ಯಾಕ್ಟೀರಿಯಾ. ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಇದನ್ನು 1982ರಲ್ಲಿ ಬೆಳೆಸಿ ತೋರಿಸಿದರು, 2005ರಲ್ಲಿ ನೊಬೆಲ್ ಪಡೆದರು. ಸ್ಕ್ರೂ ಥರ ಸುರುಳಿಯಾಗಿರುವ ಇದು ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತದೆ. ಅಮೋನಿಯಾ ತಾಗಿದ ಕಡೆ ಆಮ್ಲ ಸಪ್ಪೆಯಾಗಿ, ಗಟ್ಟಿ ಲೋಳೆ ನೀರಾಗುತ್ತದೆ. ಅದರಲ್ಲಿ ಈಜಿಕೊಂಡು ಕೆಳಗಿಳಿಯುತ್ತದೆ. ಆದರೆ ಆಳದ ಗ್ರಂಥಿಗಳ ಕಡೆ ಹೋದರೆ ಮಕ್ 6 ಎದುರಾಗುತ್ತದೆ. ಅದರ ಒಂದು ಬಗೆಯ ಸಕ್ಕರೆ ಸರ ಈ ಬ್ಯಾಕ್ಟೀರಿಯಾದ ಕೋಶಗೋಡೆ ಕಟ್ಟುವ ಕೆಲಸವನ್ನೇ ಕೆಡಿಸುತ್ತದೆ ಎಂದು ಜಪಾನಿನ ವಿಜ್ಞಾನಿಗಳು 2004ರಲ್ಲಿ ತೋರಿಸಿದರು. ಲೋಳೆಯೊಳಗೇ ಒಂದು ಆಂಟಿಬಯಾಟಿಕ್! ಅಮ್ಮನಿಗೂ ಈ ಬ್ಯಾಕ್ಟೀರಿಯಾದ ಪರೀಕ್ಷೆ ಮಾಡಿದರು. ಇರಲಿಲ್ಲ. ಬರೀ ಮಾತ್ರೆಯ ಕೆಲಸ.

ನೋವಿನ ಮಾತ್ರೆ ನಿಲ್ಲಿಸಿ, ಆಮ್ಲ ತಗ್ಗಿಸುವ ಮಾತ್ರೆ ಕೊಟ್ಟು, ಎರಡು ತಿಂಗಳ ಮೇಲೆ ಮತ್ತೆ ಎಂಡೋಸ್ಕೋಪಿ ಮಾಡಿದರು. ಮೊದಲ ಸಲದ ಫೋಟೋದಲ್ಲಿ ಬಿಳಿ ತಳದ ಗುಂಡಿ, ಸುತ್ತ ಕೆಂಪು. ಎರಡನೆಯದರಲ್ಲಿ ಗುಲಾಬಿ ಬಣ್ಣದ ನುಣುಪು ಗೋಡೆ, ನಡುವೆ ಒಂದು ಸಣ್ಣ ಗೆರೆ, ಅದರ ಮೇಲೆ ದೀಪದ ಬೆಳಕಿಗೆ ಮಿರುಗುವ ಲೋಳೆ. ಅಮ್ಮ ಎರಡೂ ಫೋಟೋಗಳನ್ನು ಕಿಟಕಿಯ ಹತ್ತಿರ ಹಿಡಿದು ತುಂಬ ಹೊತ್ತು ನೋಡಿದರು. "ಹೊಲಿಗೆ ಹಾಕ್ದೇನೇ ಕೂಡ್ಕೊಂಡಿದೆಯಲ್ಲೋ" ಅಂದರು.

ಕೂಡಿಸಿದ್ದು ಅವರ ಕೋಶಗಳೇ. ಹುಣ್ಣಿನ ಅಂಚಿನಲ್ಲಿ ಉಳಿದಿದ್ದವು ಚಪ್ಪಟೆಯಾಗಿ, ತೆವಳಿಕೊಂಡು ಬರಿದಾದ ಜಾಗದ ಮೇಲೆ ಹರಡಿದವು. ಲೋಳೆ ಕೋಶಗಳು ಮ್ಯೂಸಿನ್ ಜೊತೆಗೇ ಬಿಡುವ ಟ್ರೆಫಾಯಿಲ್ ಎಂಬ ಪುಟ್ಟ ಪ್ರೋಟೀನುಗಳು ಅವುಗಳ ತೆವಳಾಟಕ್ಕೆ ನೆರವಾದವು. ಹಿಂದಿನಿಂದ ಹೊಸ ಕೋಶಗಳು ಹುಟ್ಟಿ ಬಂದು, ಮತ್ತೆ ಚೀಲ ತುಂಬಿಕೊಂಡು, ಲೋಳೆ ಬಿಡಲು ಶುರು ಮಾಡಿದವು.